ಅಜ್ಜಿಯ ಲಕೋಟೆಯಲ್ಲಿ ಹೆಂಡತಿಯ ಪತ್ರ

ಮಕ್ಕಳ ಪುಸ್ತಕದೊಳಗೆ ನಿಜವಾದ ಲಕೋಟೆಗಳನ್ನೇ ಅಂಟಿಸಬೇಕೆಂಬ ಹುಚ್ಚು ಬೈಂಡಿಂಗ್ ಅಂಗಡಿಯ ಯಜಮಾನರ ತಲೆಗೆ ಹೊಗದಿದ್ದರೆ ಅಂಟಜ್ಜನಿಗೆ ಆ ದಿನದ ಫಜೀತಿ ಬರುತ್ತಲೇ ಇರಲಿಲ್ಲ. ಅದು ಪತ್ರಗಳಲ್ಲೇ ಸಾಗುವ ಕಾದಂಬರಿ. ದೂರದ ಶಾಲೆಯಿಂದ ಮೊಮ್ಮಗಳು ಬರೆಯುತ್ತಾಳೆ, ಅಜ್ಜಿ ಉತ್ತರ ಕೊಡುತ್ತಾಳೆ. ಓದುವ ಮಗು ಪುಟದ ಮೇಲಿನ ಪುಟ್ಟ ಲಕೋಟೆಯಿಂದ ಅಜ್ಜಿಯ ಪತ್ರವನ್ನು ತಾನೇ ಹೊರಗೆಳೆದು ಓದಬೇಕು. ಹಳೆಯದಾಗಿ ಕಾಣಲೆಂದು ಆ ಪತ್ರಗಳನ್ನು ಚಹಾ ಬಣ್ಣದ ಕಾಗದದ ಮೇಲೆ ಕೈಬರಹದಂತೆಯೇ ಅಚ್ಚು ಹಾಕಿದ್ದರು. ಮಡಚಿ ತುಂಬುವ ಕೆಲಸ ಅಂಗಡಿಯಲ್ಲಿ ಅಂಟು ಹಚ್ಚುವ ಅಂಟಜ್ಜನದು.

ಅಜ್ಜನ ಅಂಗಿಯ ಜೇಬಿನಲ್ಲಿ ಅಂಥದೇ ಬಣ್ಣಕ್ಕೆ ತಿರುಗಿದ ಇನ್ನೊಂದು ಪತ್ರವಿತ್ತು. ತೀರಿಹೋದ ಹೆಂಡತಿ ಒಮ್ಮೆ ತವರಿನಿಂದ ಬರೆದದ್ದು; ಇಡೀ ಬಾಳಿನಲ್ಲಿ ಅವಳು ಬರೆದದ್ದು ಅದೊಂದೇ. ಬೆಳಿಗ್ಗೆ ಕೆಲಸದ ನಡುವೆ ಬಿಚ್ಚಿ ಓದಿದ, ಕಣ್ಣೊರೆಸಿಕೊಂಡ. ಕೈ ತನ್ನ ರೂಢಿಯಂತೆ ಅದನ್ನೂ ಮಡಚಿ ಯಾವುದೋ ಲಕೋಟೆಗೆ ತುರುಕಿತು. ಊಟದ ಹೊತ್ತಿಗೆ ಜೇಬು ಮುಟ್ಟಿಕೊಂಡರೆ ಪತ್ರವಿಲ್ಲ. ಗೋಡೆಯುದ್ದಕ್ಕೂ ಪುಸ್ತಕದ ರಾಶಿ. ಸಂಜೆಗೆ ವ್ಯಾನ್ ಬರುವುದಿತ್ತು.

“ಏನಜ್ಜ, ಮುಖ ಒಣಗಿದ ಅಂಟಿನ ಡಬ್ಬಿ ತರ ಆಗಿದೆ?” ಎಂದ ಕಾಗದ ಕತ್ತರಿಸುವ ಕತ್ತರಿಯಣ್ಣ.

“ಅವಳ ಪತ್ರ ಕಣೋ! ಯಾವ್ದೋ ಪುಸ್ತಕದೊಳಗೆ ಹೋಗ್ಬಿಟ್ಟಿದೆ!”

ಕೇಳಿದ್ದೇ ತಡ, ಎಲ್ಲರೂ ರಾಶಿಗೆ ಮುಗಿಬಿದ್ದರು.

“ಗುರುತು ಹೇಳಿ ಅಜ್ಜ,” ಎಂದಳು ಪುಸ್ತಕ ಹೊಲಿಯುವ ಅಕ್ಕ.

“ಗುರುತೇನಮ್ಮ ಹೇಳ್ಲಿ? ಅವಳು ಎಂಥವಳು ಅಂತ ನಿಮಗೆ ಗೊತ್ತಲ್ಲ. ಒಂದಿನ ಗಟ್ಟಿಯಾಗಿ ಮಾತಾಡಿದವಳಲ್ಲ. ಓದಿದ್ರೆ ನಿಮಗೇ ತಿಳಿಯುತ್ತೆ.”

ಹೆಂಡತಿ ಹೋದಂದಿನಿಂದ ಅಜ್ಜ ಹೀಗೇ ಹೇಳುತ್ತ ಬಂದಿದ್ದ. ಇನ್ನು ಆಕೆಗೊಂದು ಗುಡಿ ಕಟ್ಟುವುದಷ್ಟೇ ಬಾಕಿ.

ಯಜಮಾನರು ಬಂದು ಕೂಗಾಡಿದರು: “ನಾನು ಸಂಬಳ ಕೊಡೋದು ಅಂಟ್ಸೋಕೋ, ಬಿಚ್ಚೋಕೋ?” ವಿಷಯ ತಿಳಿದ ಮೇಲೆ ತಾವೂ ಕನ್ನಡಕ ಏರಿಸಿ ಕೂತರು. ಕೂತವರು ಕಥೆಯ ಅಜ್ಜಿಯ ಬೆಕ್ಕು ಕಾಣೆಯಾದ ಪತ್ರಕ್ಕೆ ಬಂದು ಮೂಗೇರಿಸುತ್ತ ಅಲ್ಲೇ ಉಳಿದುಬಿಟ್ಟರು.

‘ದೇವರೇ, ಇದೊಂದನ್ನು ಕೊಡಿಸಿಬಿಡು, ಇನ್ನೇನೂ ಕೇಳೋದಿಲ್ಲ’ ಎಂದು ಅಜ್ಜ ಬೇಡಿಕೊಂಡ. ಹೆಂಡತಿ ಮಲಗಿದ್ದ ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಇದೇ ಮಾತು ಕೊಟ್ಟಿದ್ದು ನೆನಪಾಗಿ ತಲೆ ತಗ್ಗಿಸಿದ.

ವ್ಯಾನಿನ ಹಾರನ್ ಕೇಳಿತು. ಅಷ್ಟರಲ್ಲಿ ಕತ್ತರಿಯಣ್ಣ ಓಡಿಬಂದ. “ಸಿಕ್ತು ಅಜ್ಜ! ‘ನನ್ನ ಪ್ರಾಣಪ್ರಿಯರೇ, ನೀವಿಲ್ಲದೆ ಬೆಳದಿಂಗಳೂ ಸುಡುತ್ತಿದೆ...’”

ಶಾಯಿ ಇನ್ನೂ ಆರಿರಲಿಲ್ಲ. ಅರ್ಧ ಬೆಳದಿಂಗಳು ಅವನ ಹೆಬ್ಬೆರಳಿಗೇ ಮೆತ್ತಿತ್ತು.

“ನಿನ್ನ ಮನಸ್ಸು ದೊಡ್ಡದಪ್ಪ,” ಎಂದ ಅಜ್ಜ. “ಆದ್ರೆ ಅವಳು ಬೆಳದಿಂಗಳ ಗೊಡವೆಗೆ ಹೋದವಳಲ್ಲ.”

ವ್ಯಾನ್ ತುಂಬಿಕೊಂಡು ಹೊರಟಿತು. ಹೊಲಿಗೆಯ ಅಕ್ಕ ಸಮಾಧಾನಕ್ಕೆ ಬಂದಳು.

“ಒಂದೂ ಬಿಡದೆ ನೋಡಿದ್ವಿ ಅಜ್ಜ. ಯಾರೋ ಜಗಳಗಂಟಿ ಬರೆದದ್ದು ಮಾತ್ರ ಒಂದು ಸಿಕ್ತು. ಯಾವ ಕಿಡಿಗೇಡಿ ಇಟ್ಟಿದ್ನೋ! ಮಕ್ಕಳ ಕೈಗೆ ಇಂಥದ್ದಾ ಅಂತ ಅಂಟು ಕಾಯಿಸೋ ಒಲೆಗೆ ಹಾಕ್ಬಿಟ್ಟೆ.”

ಅಜ್ಜ ಸ್ಟೂಲು ಎಳೆದುಕೊಂಡು ಕೂತ. “ಏನಂತ ಬರೆದಿತ್ತಮ್ಮ?”

“ಅಯ್ಯೋ, ಅದ್ಯಾಕೆ ನಿಮಗೆ? ‘ರೀ, ನಿಮಗೆ ಬುದ್ಧಿ ಬರೋದು ಯಾವಾಗ? ಒದ್ದೆ ಟವೆಲ್ ಹಾಸಿಗೆ ಮೇಲೇ ಬಿದ್ದಿರುತ್ತೆ, ನಂಗೊತ್ತು. ಬಾಗಿಲು ಹಾರುಹೊಡೆದು ಊರು ಸುತ್ತುತ್ತಾ ಇರ್ತೀರಿ. ನನ್ನ ಕರ್ಕೊಂಡು ಹೋಗೋಕೆ ಬರೋದಕ್ಕೆ...’ ಆಮೇಲೇನೋ ಇತ್ತು, ಮರೆತೆ.”

“‘ಕಾಲಿಗೇನು ಅಂಟು ಮೆತ್ತಿದೆಯಾ?’ ಅಂತ,” ಎಂದ ಅಜ್ಜ.

ಅಕ್ಕನ ಕೈ ಬಾಯಿಗೆ ಹೋಯಿತು. ಒಲೆಯ ಮೇಲೆ ಅಂಟು ಗುಳುಗುಳು ಕುದಿಯುತ್ತಿತ್ತು.

ಅಜ್ಜ ಕಣ್ಣು ಮುಚ್ಚಿ ಗೋಡೆಗೊರಗಿದ.

“ಇನ್ನೊಂದ್ಸಲ ಹೇಳಮ್ಮ,” ಎಂದ. “ಇಷ್ಟು ಮೆತ್ತಗಲ್ಲ. ಸ್ವಲ್ಪ ಜೋರಾಗಿ.”