ಬಾಯಲ್ಲಿ ಹೇಳಿ, ತಲೆ ಬೇಡ

ಒಂದು ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರಾಗಿದ್ದು, ಎಲ್ಲರೂ ಮಾತಾಡುತ್ತಲೇ ಇದ್ದು, ಆದರೂ ಯಾರು ಏನು ಹೇಳಿದರೆಂದು ಯಾರಿಗೂ ತಿಳಿಯದೇ ಹೋಗುವುದು ಹೇಗೆ ಎಂದು ನೋಡಬೇಕಾದರೆ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಆಫೀಸಿಗೆ ಬಂದು ಒಂದು ವಾರ ಕೂತರೆ ಸಾಕು. ಇಂಥದ್ದು ಇಲ್ಲಿ ನಡೆಯುತ್ತಲೇ ಇರುತ್ತದೆ. ಹೆಚ್ಚಿನವು ನನ್ನಿಂದಲೇ ನಡೆಯುತ್ತವೆ ಎಂಬುದು ಬೇರೆ ಮಾತು.

ನಾನು ಮೈಸೂರಿನವಳು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಇಲ್ಲಿ ಕೆಲಸ ಸಿಕ್ಕಾಗ ನಮ್ಮೆಜಮಾನರು ತಮ್ಮ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮಗಳ ಕೈ ಹಿಡಿದುಕೊಂಡು ನನ್ನ ಹಿಂದೆ ವಿಮಾನ ಹತ್ತಿದರು. ಮೊದಲ ಆರು ತಿಂಗಳು ‘ಪ್ರೋಬೆಟ್ಸೈಟ್’, ಅಂದರೆ ಪರೀಕ್ಷೆಯ ಕಾಲ. ಅದರಲ್ಲಿ ಪಾಸಾಗದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಪಾಸೋ ಫೇಲೋ ಹೇಳಬೇಕಾದವರು ನಮ್ಮ ಟೀಮ್ ಲೀಡ್. ಮನೆಯಲ್ಲಿ ಅವರಿಗೆ ನಾವು ಇಟ್ಟ ಹೆಸರು ‘ಸಾಹೇಬರು’. ಉದ್ದನೆಯ ಜರ್ಮನ್ ಮನುಷ್ಯ, ಮಹಾ ಸಂಕೋಚದವರು. ಮಾತು ಕಮ್ಮಿ, ಮನಸ್ಸು ಬೆಣ್ಣೆ.

ತಲೆ ಆಡಿಸಿದ್ದು

ಸೇರಿದ ಮೊದಲ ವಾರ. ಸಾಹೇಬರು ಮೀಟಿಂಗ್‌ನಲ್ಲಿ ಕೇಳಿದರು, “ಈ ಟೆಸ್ಟಿಂಗ್ ಶುಕ್ರವಾರದೊಳಗೆ ಮುಗಿಯುತ್ತದಾ?”

ನಾನು ನಮ್ಮೂರಿನ ಪದ್ಧತಿಯಂತೆ ಖುಷಿಯಿಂದ ತಲೆಯನ್ನು ಆ ಕಡೆ ಈ ಕಡೆ ಆಡಿಸಿದೆ. ಆಗಲಿ, ಅದಕ್ಕೇನಂತೆ, ಮಾಡಿಬಿಡೋಣ ಎಂಬ ಮೂರೂ ಮಾತು ಅದರಲ್ಲಿತ್ತು. ಸಾಹೇಬರು ಪಾಪ, “ಪರವಾಗಿಲ್ಲ, ಪರವಾಗಿಲ್ಲ” ಎಂದರು.

ಶುಕ್ರವಾರ ನಾನು ಎದೆಯುಬ್ಬಿಸಿಕೊಂಡು ಕೆಲಸ ಒಪ್ಪಿಸಿದೆ. ನೋಡಿದರೆ, ಪಕ್ಕದ ಸೀಟಿನ ಹುಡುಗಿಯೂ ಅದೇ ಕೆಲಸ ಮುಗಿಸಿ ಕೂತಿದ್ದಾಳೆ! ನಾನು ‘ಆಗುವುದಿಲ್ಲ’ ಎಂದೆನೆಂದು ತಿಳಿದು ಸಾಹೇಬರು ಅವಳಿಗೆ ಒಪ್ಪಿಸಿದ್ದರಂತೆ. ನನಗೆ ಬೇಜಾರಾಗಬಾರದೆಂದು ನನ್ನ ಹತ್ತಿರ ಆ ವಿಷಯವನ್ನೇ ಎತ್ತಿರಲಿಲ್ಲ.

ಅಂದಿನಿಂದ ಅವರು ಏನೇ ಕೇಳಲಿ, ಕೊನೆಯಲ್ಲಿ ಕೈ ಜೋಡಿಸುವುದೊಂದು ಬಾಕಿ. “ದಯವಿಟ್ಟು ಬಾಯಲ್ಲಿ ಹೇಳಿ. ತಲೆ ಬೇಡ.”

ಮೇಜು ಕುಟ್ಟಿದ್ದು

ಎರಡನೆಯ ತಿಂಗಳು ಇಡೀ ವಿಭಾಗದ ಎದುರು ಮಾತಾಡುವ ಸರದಿ ಬಂತು. ಹೇಗೋ ಮುಗಿಸಿದೆ. ಮುಗಿಸಿದ್ದೇ ತಡ, ಕೂತಿದ್ದವರೆಲ್ಲ ಗೆಣ್ಣಿನಿಂದ ಟಕಟಕ ಮೇಜು ಕುಟ್ಟಲು ಶುರು ಮಾಡಿದರು. ನಮ್ಮ ಮನೆಯಲ್ಲಿ ಅಪ್ಪ ಮೇಜು ಕುಟ್ಟಿದರೆಂದರೆ ಮಕ್ಕಳೆಲ್ಲ ಹಿತ್ತಿಲಿಗೆ ಓಡುವ ಹೊತ್ತು. ನಾನು “ಸಾರಿ, ಸಾರಿ” ಎನ್ನುತ್ತಾ ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಇನ್ನೂ ಜೋರಾಗಿ ಕುಟ್ಟಿದರು.

ಸಂಜೆ ಮನೆಗೆ ಬಂದು ಅತ್ತುಬಿಟ್ಟೆ. “ಎಲ್ಲಾ ಸೇರಿ ಹೊಡೆಯಕ್ಕೆ ಬರೋ ಹಾಗಿತ್ತು ಕಣ್ರೀ.”

ನಮ್ಮೆಜಮಾನರು ಗಾಬರಿಯಾದರು. ಸ್ಕೂಲ್ ಬ್ಯಾಗ್ ಬಿಚ್ಚುತ್ತಿದ್ದ ಮಗಳು ಮಾತ್ರ ತಲೆ ಎತ್ತದೆ ಹೇಳಿದಳು. “ಅಮ್ಮಾ, ಅದು ಚಪ್ಪಾಳೆ. ನಮ್ ಕ್ಲಾಸಲ್ಲೂ ಹಂಗೇ ಮಾಡ್ತೀವಿ.”

ನಾನು ಅಳುವುದನ್ನು ನಿಲ್ಲಿಸಿ ಇನ್ನೊಂದು ಸಲ ಅತ್ತೆ, ಈ ಸಲ ಸಂತೋಷಕ್ಕೆ. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗಳು ಇಬ್ಬರೂ ತುತ್ತಿಗೊಮ್ಮೆ ಮೇಜು ಕುಟ್ಟಿ, ಸಾರಿನ ಪಾತ್ರೆ ಉರುಳಿಸಿದರು.

ಕೇಕ್ ಎಲ್ಲಿ?

ನನ್ನ ಹುಟ್ಟುಹಬ್ಬ. ಹೊಸ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಆಮೇಲೆ ಎಲ್ಲರೂ ಆಫೀಸಿನ ಅಡುಗೆಮನೆಯಲ್ಲಿ ತಟ್ಟೆ, ಫೋರ್ಕ್ ಹಿಡಿದುಕೊಂಡು ನಿಂತರು. ಓಹೋ, ಸರ್‌ಪ್ರೈಸ್ ಕೇಕ್ ತರಿಸಿದ್ದಾರೆ ಎಂದುಕೊಂಡು ನಾನೂ ಏನೂ ಗೊತ್ತಿಲ್ಲದವಳ ಹಾಗೆ ನಿಂತೆ. ಅವರು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಕಾಫಿ ಆರಿತು.

ಕೊನೆಗೆ ಪಕ್ಕದ ಸೀಟಿನ ಹುಡುಗಿ ಕಿವಿಯಲ್ಲಿ ಉಸುರಿದಳು. ಇಲ್ಲಿ ಹುಟ್ಟುಹಬ್ಬದ ಕೇಕ್ ತರಬೇಕಾದವರು ಹುಟ್ಟಿದವರೇ ಅಂತೆ. ಕೆಲಸ ಬಿಟ್ಟು ಹೋಗುವಾಗಲೂ ಅಷ್ಟೇ, ಹೋಗುವವರೇ ತಂದು ಹಂಚಿ ಹೋಗಬೇಕು.

ನನ್ನ ಬಳಿ ಇದ್ದದ್ದು ಮಧ್ಯಾಹ್ನದ ಡಬ್ಬಿಯ ಪುಳಿಯೋಗರೆ. ಅದನ್ನೇ ಹಂಚಿದೆ. ಸಾಹೇಬರು ಮೂಗಿನಲ್ಲಿ ಕಣ್ಣಲ್ಲಿ ನೀರು ಸುರಿಸುತ್ತಾ ತಟ್ಟೆ ಖಾಲಿ ಮಾಡಿ ಕೇಳಿದರು, “ನಿಮ್ಮ ದೇಶದಲ್ಲಿ ಕೇಕ್ ಇಷ್ಟು ಖಾರವಾ?”

ತರಬೇತಿ

ಪರೀಕ್ಷೆಯ ಕಾಲ ಮುಗಿಯುತ್ತಾ ಬಂತು. ನನಗೆ ಊಟ ಸೇರದು. ಮಗಳಿಗೆ ಆಗಷ್ಟೇ ಸ್ಕೂಲಿನಲ್ಲಿ ಗೆಳತಿ ಸಿಕ್ಕಿದ್ದಳು. ನಮ್ಮೆಜಮಾನರು ಜರ್ಮನ್ ಕ್ಲಾಸಿಗೆ ಹೋಗಿ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಧೈರ್ಯ ಮಾಡಿದ್ದರು. ಇದೆಲ್ಲ ನನ್ನ ತಲೆಯ ಮೇಲೆ ನಿಂತಿತ್ತು.

ಅದೇ ಹೊತ್ತಿಗೆ ಆಫೀಸಿನವರು ‘ಸಂಸ್ಥೆಯಲ್ಲಿ ಸಂವಹನ’ ಎಂಬ ತರಬೇತಿ ಇಟ್ಟರು. ಹೊರಗಿನಿಂದ ಬಂದ ನಮಗೆ ಒಂದು ಕೋಣೆಯಲ್ಲಿ, ಜರ್ಮನ್ನರಿಗೆ ಇನ್ನೊಂದರಲ್ಲಿ. ನಮಗೆ ಹೇಳಿಕೊಟ್ಟದ್ದು ಇಷ್ಟು: ಜರ್ಮನ್ನರು ನೇರ ವಿಷಯಕ್ಕೆ ಬರುತ್ತಾರೆ, ಸುತ್ತಿ ಬಳಸಿ ಮಾತಾಡಿದರೆ ಏನೋ ಕೆಟ್ಟ ಸುದ್ದಿ ಇದೆಯೆಂದು ತಿಳಿಯಿರಿ. ಪಕ್ಕದ ಕೋಣೆಯಲ್ಲಿ ಏನು ಹೇಳಿಕೊಟ್ಟರೋ ನಮಗೆ ಗೊತ್ತಿಲ್ಲ.

ಶುಕ್ರವಾರ ಸಾಹೇಬರು ನನ್ನನ್ನು ಕರೆದರು. ಕುರ್ಚಿ ಎಳೆದು ಕೂರಿಸಿ, ಬೆವರು ಒರೆಸಿಕೊಂಡು ಕೇಳಿದರು, “ನಿಮ್ಮ ತಾಯಿಯ ಮೊಣಕಾಲು ಹೇಗಿದೆ?”

ಎಂದೋ ಕಾಫಿಯ ಹೊತ್ತಿನಲ್ಲಿ ಹೇಳಿದ್ದ ಅಮ್ಮನ ಕಾಲುನೋವು ಈಗೇಕೆ, ಸುತ್ತಿ ಬಳಸುವುದು ಶುರುವಾಯಿತು ಎಂದುಕೊಂಡೆ. ಆಮೇಲೆ ಮಗಳ ಓದು, ಗಂಡನ ಜರ್ಮನ್, ಮೈಸೂರಿನ ಹವೆ. ಕೊನೆಗೆ ಗಡಿಯಾರ ನೋಡಿ, “ಅಯ್ಯೋ, ಮುಂದಿನ ಮೀಟಿಂಗ್!” ಎಂದು ಎದ್ದು ಓಡಿದರು. ಕೆಲಸದ ಬಗ್ಗೆ ಒಂದಕ್ಷರ ಇಲ್ಲ.

“ನನ್ನ ಕೆಲಸ ಹೋಯ್ತು ಕಣ್ರೀ,” ಎಂದೆ ಮನೆಗೆ ಬಂದು.

ನಮ್ಮೆಜಮಾನರು ನನ್ನ ಕೈಯ ಚೀಲ ತೆಗೆದುಕೊಂಡರು. “ಹೋದ್ರೆ ಹೋಗ್ಲಿ ಬಿಡು. ನೀನು ಚೆನ್ನಾಗೇ ಮಾಡಿದ್ದೀಯ. ಹೋಗುವಾಗ ನಗ್ತಾ ಹೋಗೋಣ,” ಎಂದರು. ಅಂಥ ಗಂಡನನ್ನು ಕೊಟ್ಟದ್ದಕ್ಕೆ ದೇವರಿಗೆ ಕೈ ಮುಗಿದೆ.

ಹೋಗುವವರು ಸಿಹಿ ಹಂಚಬೇಕಲ್ಲ. ಭಾನುವಾರ ಮೈಸೂರು ಪಾಕ್ ಮಾಡಲು ನಿಂತೆ. ಇಲ್ಲಿ ಭಾನುವಾರ ಅಂಗಡಿ ತೆರೆಯದ್ದರಿಂದ ಮನೆಯಲ್ಲಿದ್ದಷ್ಟೇ ತುಪ್ಪ. ಅಳುತ್ತಾ ಮಗುಚುತ್ತಾ ಇದ್ದುದರಿಂದ ಪಾಕ ಯಾವಾಗ ಮುಂದೆ ಹೋಯಿತೋ ತಿಳಿಯಲಿಲ್ಲ. “ಪರವಾಗಿಲ್ಲ, ಗಟ್ಟಿಯಾಗಿದೆ,” ಎಂದರು ನಮ್ಮೆಜಮಾನರು, ದವಡೆ ಹಿಡಿದುಕೊಂಡು.

ಸೋಮವಾರ ಡಬ್ಬಿ ತೆರೆದಿಟ್ಟು, ಎಲ್ಲರ ಎದುರು ನಿಂತು, ಮಗಳು ಬಾಯಿಪಾಠ ಮಾಡಿಸಿದ್ದ ಜರ್ಮನ್‌ನಲ್ಲಿ, “ಇಷ್ಟು ದಿನ ಪ್ರೀತಿಯಿಂದ ನೋಡಿಕೊಂಡಿರಿ, ಹೋಗಿ ಬರುತ್ತೇನೆ,” ಎಂದೆ.

ಸಾಹೇಬರ ಮುಖ ಬಿಳಿಚಿಕೊಂಡಿತು. “ಬಿಟ್ಟು ಹೋಗುತ್ತೀರಾ? ನಾನೇನು ತಪ್ಪು ಮಾಡಿದೆ? ನಿಮ್ಮ ತಾಯಿಯ ಮೊಣಕಾಲನ್ನೂ ವಿಚಾರಿಸಿದೆನಲ್ಲ!”

“ಅದಕ್ಕೇ ತಾನೇ ನನಗೆ ಗೊತ್ತಾಗಿದ್ದು!” ಎಂದೆ.

ಆಮೇಲೆ ವಿಷಯ ಹೊರಬಿತ್ತು. ನನ್ನನ್ನು ಉಳಿಸಿಕೊಳ್ಳಬೇಕೆಂದು ಎಂದೋ ತೀರ್ಮಾನವಾಗಿತ್ತು. ಭಾರತೀಯರ ಹತ್ತಿರ ಮೊದಲು ಮನೆಮಂದಿಯನ್ನೆಲ್ಲ ವಿಚಾರಿಸಿ, ಆಮೇಲೆ ಕೆಲಸದ ಮಾತೆತ್ತಿ ಎಂದು ಪಕ್ಕದ ಕೋಣೆಯಲ್ಲಿ ಹೇಳಿಕೊಟ್ಟಿದ್ದರು. ಸಾಹೇಬರು ಮನೆಮಂದಿಯಲ್ಲೇ ಹೊತ್ತು ಮುಗಿಸಿ, ಶುಭಸುದ್ದಿ ಮರೆತು ಓಡಿದ್ದರು.

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದೆ. ಅಷ್ಟರಲ್ಲಿ ಟಕ್ ಟಕ್ ಎಂದು ಮೇಜು ಕುಟ್ಟುವ ಸದ್ದು. ಒಬ್ಬರು, ಇಬ್ಬರು, ಆಮೇಲೆ ಎಲ್ಲರೂ. ಇಷ್ಟೊಂದು ಪ್ರೀತಿಯಾ ನನ್ನ ಮೇಲೆ ಎಂದುಕೊಂಡೆ. ಕಣ್ಣೊರೆಸಿಕೊಂಡು ನೋಡಿದರೆ, ಎಲ್ಲರೂ ಮೈಸೂರು ಪಾಕನ್ನು ಮೇಜಿಗೆ ಕುಟ್ಟಿ ಒಡೆಯುತ್ತಿದ್ದರು.

ಸಾಹೇಬರು ಒಂದು ಚೂರು ಒಡೆದು ಬಾಯಿಗಿಟ್ಟರು.

“ಚೆನ್ನಾಗಿದೆಯಾ?” ಎಂದು ಕೇಳಿದೆ.

ಅವರು ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು, ಥೇಟ್ ನಮ್ಮೂರಿನವರ ಹಾಗೆ.

“ದಯವಿಟ್ಟು ಬಾಯಲ್ಲಿ ಹೇಳಿ,” ಎಂದೆ, “ತಲೆ ಬೇಡ.”

ಪಾಪ, ಹೇಗೆ ಹೇಳುತ್ತಾರೆ? ಮೈಸೂರು ಪಾಕಿಗೆ ಹಲ್ಲು ಅಂಟಿಕೊಂಡಿತ್ತು.