ಹತ್ತು ಎಳೆಗೊಂದು ಗಂಟು

ಚೆನ್ನಾಗಿ ಪಾಠ ಮಾಡುವುದು ಒಂದು ದುಶ್ಚಟ. ತಂಬಾಕಿನ ಚಟವಿದ್ದವನು ತನ್ನ ಹಲ್ಲನ್ನಷ್ಟೇ ಕೆಡಿಸಿಕೊಳ್ಳುತ್ತಾನೆ, ಈ ಚಟದ ಬಿಸಿ ಮಂದಿಯ ಮಕ್ಕಳಿಗೂ ತಟ್ಟುತ್ತದೆ. ನಿವೃತ್ತಳಾದ ಮುದುಕಿ ಏನೋ ಬಡಬಡಿಸುತ್ತಿದ್ದಾಳೆ ಎಂದು ಎದ್ದು ಹೋಗಬೇಡಿ, ಸ್ವಲ್ಪ ಕೇಳಿ. ಬಾಗಲಕೋಟೆಯಲ್ಲಿ ತರಬೇತಿ ಮುಗಿಸಿ, ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನೇಕಾರ ಓಣಿಯ ಶಾಲೆಗೆ ಬಂದು, ಎರಡನೆಯ ಇಯತ್ತೆಗೆ ಲೆಕ್ಕ ಕಲಿಸಿದವಳು ನಾನು. ನಾನು ಕಲಿಸಿದ್ದೂ ಖರೆ, ಮಕ್ಕಳು ಕಲಿತದ್ದೂ ಖರೆ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಮಗು ಕೈಯಿಂದ ಕಲಿಯುತ್ತದೆ, ಉಪಕರಣವಿಲ್ಲದೆ ಪಾಠ ಮಾಡಬೇಡಿ ಎಂದು ತರಬೇತಿಯಲ್ಲಿ ತಲೆ ತಿಂದು ಕಳಿಸಿದ್ದರು. ಸರಿ, ಎಣಿಸಲು ಹುಣಸೆಬೀಜ ಕೊಟ್ಟೆ. ಮಕ್ಕಳು ಅವನ್ನು ಮನೆಗೊಯ್ದು ಹುರಿದು ತಿಂದರು. ಹರಳು ಕೊಟ್ಟೆ. ಇಳಕಲ್ಲಿನಲ್ಲಿ ಕಲ್ಲಿಗೇನು ಬರ, ಒಬ್ಬರಿಗೊಬ್ಬರು ಬೀಸಾಡಿ ಹಣೆ ಒಡೆದುಕೊಂಡರು. ಜೋಳದ ದಂಟನ್ನು ತುಂಡು ಮಾಡಿ ಹತ್ತರ ಕಟ್ಟು ಕಟ್ಟಿಟ್ಟೆ. ಊಟದ ಹೊತ್ತಿನಲ್ಲಿ ಯಾರದೋ ಆಡು ಒಳಗೆ ಬಂದು ಬಿಡಿ, ಹತ್ತು, ನೂರು ಎಂಬ ಭೇದವಿಲ್ಲದೆ ಎಲ್ಲವನ್ನೂ ಮೇಯ್ದು ಹೋಯಿತು. ಆ ವರ್ಷ ನನ್ನ ಶಾಲೆಯಲ್ಲಿ ಗಣಿತವನ್ನು ಪೂರ್ತಿ ಅರಗಿಸಿಕೊಂಡದ್ದು ಆ ಆಡು ಒಂದೇ.

ಕೊನೆಗೆ ಕಣ್ಣಿಗೆ ಬಿದ್ದದ್ದು ದಾರ. ಓಣಿಯ ತುಂಬ ಮಗ್ಗ, ಮಗ್ಗದ ಕೆಳಗೆಲ್ಲ ತುಂಡು ಎಳೆ. ಅವನ್ನೇ ಆರಿಸಿ ತರಿಸಿದೆ. ಹತ್ತು ಎಳೆಗೊಂದು ಗಂಟು. ಕೂಡುವಾಗ ಹತ್ತು ತುಂಬಿತೋ, ಗಂಟು ಹಾಕು. ಕಳೆಯುವಾಗ ಬಿಡಿ ಸಾಲಲಿಲ್ಲವೋ, ಒಂದು ಗಂಟು ಬಿಚ್ಚು. ಅಷ್ಟೇ. ದಶಕ ತರುವುದು, ದಶಕ ಕೊಡುವುದು ಎಂದು ನಾನು ಬಾಯಿ ಹರಕೊಂಡರೂ ತಿಳಿಯದಿದ್ದ ಮಕ್ಕಳಿಗೆ ಎಂಟು ದಿನದಲ್ಲಿ ಎಲ್ಲ ತಿಳಿಯಿತು. ನೇಕಾರರ ಮಕ್ಕಳ ಬೆರಳಿಗೆ ದಾರದ ಮಾತು ಮೊದಲೇ ಗೊತ್ತಿತ್ತಲ್ಲ. ನಾನಂತೂ ನೆಲದ ಮೇಲೆ ಕಾಲಿಡಲಿಲ್ಲ.

ಎಲ್ಲರಿಗಿಂತ ಮುಂದೆ ಹೋದವಳು ನೀಲವ್ವ, ನೇಕಾರ ಸಂಗಪ್ಪನ ಹಿರಿಯ ಮಗಳು. ಗೋಣಿತಟ್ಟಿನ ಮೇಲೆ ನನ್ನ ಕುರ್ಚಿಗೆ ಅಂಟಿಯೇ ಕೂಡುವಳು. ಅವಳ ಕಣ್ಣು ನನ್ನ ಛತ್ರಿಯ ಮೇಲೆ. ನಮ್ಮ ಕಡೆ ಮಳೆ ಎಲ್ಲಿಂದ ಬರಬೇಕು, ನಾನು ಹಿಡಿಯುತ್ತಿದ್ದುದು ಬಿಸಿಲಿಗೆ. "ನಾನೂ ಅಕ್ಕೋರ ಆಗ್ತೇನ್ರಿ. ಹಿಂಗ ಛತ್ರಿ ಹಿಡ್ಕೊಂಡು ಸಾಲಿಗೆ ಬರ್ತೇನ್ರಿ" ಎನ್ನುತ್ತಿದ್ದಳು. ಶಿಕ್ಷಕಿಗೆ ನಮ್ಮಲ್ಲಿ ಅಕ್ಕೋರ ಅಂತಲೇ ಹೆಸರು. ಸಂಜೆ ಓಣಿಯ ತಿರುವಿನ ತನಕ ಅದನ್ನು ಅವಳೇ ಹಿಡಿದು ಬರಬೇಕು. ನನ್ನ ತಲೆಗೆ ನೆರಳು ಬೀಳುತ್ತಿರಲಿಲ್ಲ, ಆ ಮಾತು ಬೇರೆ.

ಒಂದು ವಾರ ಹುಡುಗಿ ಶಾಲೆಗೆ ಬರಲಿಲ್ಲ. ಜ್ವರವಿರಬೇಕೆಂದು ಮನೆಗೆ ಹೋದೆ. ಸಂಗಪ್ಪ ಮಗ್ಗದಿಂದೆದ್ದು ಬಂದು, ಚಾಪೆ ಹಾಸಿ, ಚಹಾ ತರಿಸಿದ.

"ಅಕ್ಕೋರ, ನಿಮ್ಮ ಉಪಕಾರ ಭಾಳ ಆತ್ರಿ. ಇಷ್ಟ ದಿನ ನಮ್ಮವ್ವ ಕೊಂಡಿ ಹಾಕತಿದ್ಳು. ಈಗ ಆಕಿಗೆ ಕಣ್ಣು ಕಾಣೂದಿಲ್ಲ. ನಮ್ಮ ನೀಲಿ ಒಂದ ಎಳಿ ಸೈತ ತಪ್ಪಂಗಿಲ್ಲ ನೋಡ್ರಿ. ಎಲ್ಲಾ ನೀವ ಕಲಿಸಿದ್ದು."

ಇಳಕಲ್ಲಿನ ಸೀರೆಯಲ್ಲಿ ಮೈಯ ಉದ್ದೆಳೆಗಳದೊಂದು ಹಾಸು, ಸೆರಗಿನದೊಂದು ಹಾಸು. ಎರಡನ್ನೂ ಎಳೆಗೆ ಎಳೆ ಜೋಡಿಸುವುದೇ ಕೊಂಡಿ. ಎಣಿಕೆ ತಪ್ಪಿದರೆ ಮಾಡಿದ ಕೆಲಸವೆಲ್ಲ ಹಾಳು. ಈ ಕೆಲಸಕ್ಕೆ ಸಣ್ಣ ಬೆರಳು ಬೇಕು, ಗಟ್ಟಿ ಲೆಕ್ಕ ಬೇಕು. ಬೆರಳು ದೇವರು ಕೊಟ್ಟಿದ್ದ, ಲೆಕ್ಕ ನಾನು ಕೊಟ್ಟಿದ್ದೆ.

"ಇನ್ನೂ ಭಾಗಾಕಾರ ಕಲಿಸೋದು ಬಾಕಿ ಅದ ಸಂಗಪ್ಪ" ಎಂದೆ.

"ಭಾಗಾಕಾರ ತಗೊಂಡು ಮಗ್ಗದಾಗ ಏನ್ ಮಾಡೂದೈತ್ರಿ?" ಎಂದು ಅವನು ನಕ್ಕ. ಕೆಟ್ಟ ಮನುಷ್ಯನಲ್ಲ. ಚಹಾಕ್ಕೆ ನನಗಾಗಿ ಸಕ್ಕರೆ ಹೆಚ್ಚು ಹಾಕಿಸಿದ್ದ.

ನೀಲವ್ವ ಮೂಲೆಯಲ್ಲಿ ಎಳೆ ಹಿಡಿದು ಕೂತಿದ್ದಳು. ಕರೆದರೆ ತಲೆ ಎತ್ತಲಿಲ್ಲ. "ಹತ್ತು ಆದ ಮ್ಯಾಲ ಮಾತಾಡ್ತೇನ್ರಿ ಅಕ್ಕೋರ" ಎಂದಳು. ಎಣಿಸುವಾಗ ಮಾತಾಡಬಾರದೆಂದು ಕಲಿಸಿದವಳೂ ನಾನೇ. ಕಾದೆ. ಹತ್ತಾಯಿತು. ಮುಖ ಎತ್ತಿ, "ಛತ್ರಿ ತಂದಿಲ್ಲೇನ್ರಿ?" ಎಂದು ಕೇಳಿದಳು. ಹೊರಗೆ ಬಂದು ಓಣಿಯಲ್ಲಿ ಅತ್ತುಬಿಟ್ಟೆ.

ಮರುವರ್ಷ ಅವಳ ತಂಗಿ ಗಂಗವ್ವ ನನ್ನ ವರ್ಗಕ್ಕೆ ಬಂದಳು. ಈ ಸಲ ನಾನು ಹುಷಾರಾದೆ. ದಾರವನ್ನೆಲ್ಲ ಕಪಾಟಿಗೆ ತುರುಕಿ, ಮಗ್ಗಕ್ಕೆ ಎಳ್ಳಷ್ಟೂ ಉಪಯೋಗವಿಲ್ಲದ ವಿದ್ಯೆಗಳನ್ನು ಹುಡುಕಿ ಹುಡುಕಿ ಕಲಿಸಿದೆ. ಹಕ್ಕಿಗಳ ಹೆಸರು, ಅಭಿನಯ ಗೀತೆ, ಕೂಡಲಸಂಗಮದಲ್ಲಿ ಯಾವ ಹೊಳೆಗೆ ಯಾವ ಹೊಳೆ ಸೇರುತ್ತದೆ ಎಂಬುದು. ತಪಾಸಣೆಗೆ ಬಂದ ಸಾಹೇಬರು, "ಬಾಯಾರ, ನಿಮ್ಮ ವರ್ಗ ಲೆಕ್ಕದಾಗ ಭಾಳ ಹಿಂದ ಬಿದ್ದದ" ಎಂದು ಮುಖ ಸಿಂಡರಿಸಿದರು. ನಾನು ತಲೆ ತಗ್ಗಿಸಿ ಒಳಗೊಳಗೇ ಹಿಗ್ಗಿದೆ. ಅಷ್ಟಕ್ಕೇ ಹೋಗಬಾರದಿತ್ತೇ? ಹೋಗುವ ಮುಂದೆ ಗಂಗವ್ವನನ್ನು ನಿಲ್ಲಿಸಿ, ನಲವತ್ತೆರಡರಲ್ಲಿ ಹದಿನೇಳು ಕಳೆ ಎಂದರು. ಹುಡುಗಿ ಗಾಳಿಯಲ್ಲೇ ಒಂದು ಗಂಟು ಬಿಚ್ಚಿದಂತೆ ಬೆರಳಾಡಿಸಿ, "ಇಪ್ಪತ್ತೈದ್ರಿ" ಎಂದಳು.

"ಯಾರು ಕಲಿಸಿದ್ರು?"

"ನಮ್ಮಕ್ಕ ರೀ. ಕೊಂಡಿ ಹಾಕ್ಕೋತ ಕಲಿಸ್ತಾಳ್ರಿ. ತಪ್ಪಿದ್ರ ಛತ್ರಿಲೆ ಹೊಡೀತೇನಿ ಅಂತಾಳ್ರಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಸರೆಯ ಸೂಟಿ ಮುಗಿದರೂ ಗಂಗವ್ವ ಶಾಲೆಗೆ ಬರಲಿಲ್ಲ.

ಈ ಸಲ ಛತ್ರಿ ತೆಗೆದುಕೊಂಡೇ ಹೋದೆ. ಅಕ್ಕತಂಗಿ ಎದುರುಬದುರು ಕೂತಿದ್ದರು. ಜಗಳವಾಡಿ ಉಪಯೋಗವಿಲ್ಲವೆಂದು ನನಗೆ ಗೊತ್ತಾಗಿತ್ತು. "ನೀಲವ್ವ, ಇನ್ನ ಇದು ನಿಂದು. ನೀನೂ ಅಕ್ಕೋರ ಆದಿ" ಎಂದೆ. ಅವಳು ಹತ್ತು ಮುಗಿಸಿ, ಕೈ ಒರೆಸಿಕೊಂಡು ಛತ್ರಿ ಬಿಚ್ಚಿದಳು. ಫಟ್ಟೆಂದ ಸಪ್ಪಳಕ್ಕೆ ಕಣ್ಣು ಕಾಣದ ಅಜ್ಜಿ, "ಮನ್ಯಾಗ ಛತ್ರಿ ತೆಗೀಬಾರದವಾ" ಎಂದು ಗದರಿದಳು. ನೀಲವ್ವ ಅದನ್ನು ಮೆಲ್ಲಗೆ ಮಡಚಿ ನನ್ನ ಕೈಗೇ ಕೊಟ್ಟಳು.

"ನೀವ ಇಟ್ಕೋರಿ ಅಕ್ಕೋರ. ನಾ ಒಳಗ ಇರ್ತೇನಿ, ನನಗೆಲ್ಲಿ ಬಿಸಲ್ರಿ."

ಆ ಮಧ್ಯಾಹ್ನ ಮನೆಯ ತನಕ ಛತ್ರಿಯನ್ನು ಬಗಲಲ್ಲಿಟ್ಟುಕೊಂಡೇ ನಡೆದೆ. ಆಮೇಲೆ ಅದೇ ದಾರದ ಪದ್ಧತಿಯನ್ನು ಬೇರೆ ಶಿಕ್ಷಕರಿಗೆ ತೋರಿಸಿಕೊಡಲು ನನ್ನನ್ನು ಬಾಗಲಕೋಟೆಗೆ ಕರೆಸಿದರು, ಚಪ್ಪಾಳೆ ತಟ್ಟಿದರು, ಶಾಲಿನ ಬದಲು ಒಂದು ಇಳಕಲ್ ಸೀರೆಯನ್ನೇ ಹೊದಿಸಿದರು. ಅದರ ಕೊಂಡಿ ಯಾರು ಹಾಕಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ. ಅದನ್ನು ಇಂದಿಗೂ ಉಟ್ಟಿಲ್ಲ. ಈಗ ಮೊಮ್ಮಗಳು ಪಾಟಿ ಹಿಡಿದು, ಕಳೆಯುವ ಲೆಕ್ಕ ಹೇಳಿಕೊಡು ಎಂದು ಬಂದರೆ, ನನಗೆ ಬರುವುದಿಲ್ಲ ಎನ್ನುತ್ತೇನೆ. ಅಜ್ಜಿಗೆ ಲೆಕ್ಕವೇ ಬರುವುದಿಲ್ಲ, ಅದು ಹೇಗೆ ಇಷ್ಟು ವರ್ಷ ಪಗಾರ ಕೊಟ್ಟರೋ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಾಳೆ.