ಕರೆದವರೇ ಜಾಗ ತೆರವು ಮಾಡಿಸತಕ್ಕದ್ದು

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರ ಪಾಲಿನ ಕಾಮಧೇನುವೂ ಸಿದ್ಧ ಕೋಡಿನ ಭಂಡಾರವೂ ಆದ ಸ್ಟ್ಯಾಂಡರ್ಡ್ ಲೈಬ್ರರಿಯವರಿಗೆ, ಬೀದರದ ಚಿದ್ರಿಯಿಂದ ಸುಮಿತ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ನಾವು ಪ್ರತಿಯೊಂದನ್ನೂ ಮೊದಲಿನಿಂದ ಬರೆದು ದಣಿಯಬಾರದೆಂದು ತಾವು ನೂರಾರು ಕೆಲಸಗಳನ್ನು ಸಿದ್ಧಮಾಡಿ ಇಟ್ಟಿದ್ದೀರಿ. ಕರೆದರೆ ಸಾಕು, ಬಂದು ಮಾಡಿಕೊಡುತ್ತೀರಿ. ಆ ಭರವಸೆಯಿಂದಲೇ ಇಲ್ಲಿನ ಒಂದು ಕಣ್ಣಿನ ದವಾಖಾನೆಗೆ ರೋಗಿಗಳ ಹೆಸರು ಕೂಗುವ ಪ್ರೋಗ್ರಾಂ ಬರೆದುಕೊಟ್ಟೆ. ಕಣ್ಣಿಗೆ ಔಷಧ ಹಾಕಿಸಿಕೊಂಡು ಕುಳಿತವರಿಗೆ ಪರದೆ ಕಾಣದು, ಕಿವಿಯೇ ಗತಿ.

ತಾವು ಪ್ರತಿ ಹೆಸರಿನ ಧ್ವನಿಗೂ ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಹಿಡಿಯುತ್ತೀರಿ, ಕೂಗಿ ಮುಗಿದರೂ ಬಿಡುವುದಿಲ್ಲ. ಬೆಳಿಗ್ಗೆ ಬಂದು, ಚಷ್ಮಾದ ನಂಬರು ಪಡೆದು, ಭಾಲ್ಕಿಯ ಮನೆ ಸೇರಿ ಉಂಡು ಮಲಗಿದ ಧೊಂಡಿಬಾ ಅವರು ತಮ್ಮ ಪ್ರಕಾರ ಇನ್ನೂ ದವಾಖಾನೆಯಲ್ಲೇ ಇದ್ದಾರೆ. ಇಷ್ಟು ಅಕ್ಕರೆಯನ್ನು ಬೀಗರಲ್ಲೂ ಕಾಣೆ. ಬಸ್ಸಿನಲ್ಲಿ ಸೀಟು ಹಿಡಿಯಲು ದಸ್ತಿ, ಅಂದರೆ ಕರವಸ್ತ್ರ, ಹಾಕಿದವರು ಇಳಿದುಹೋದ ಮೇಲೂ ದಸ್ತಿ ಅಲ್ಲೇ ಉಳಿದಂತೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸೀಟಿನ ಮೇಲೂ ದಸ್ತಿಗಳೇ ತುಂಬಿ, ಕಂಪ್ಯೂಟರು ನಿಂತುಬಿಡುತ್ತದೆ.

ಹೀಗೇಕೆಂದು ಡಾಕ್ಟರು ಫೋನಿನಲ್ಲಿ ಕೇಳಿದಾಗ, ತಮ್ಮ ಕೈಪಿಡಿಯ ಒಂದು ಮೂಲೆಯಲ್ಲಿ ಸಂಕೋಚದಿಂದ ಕುಳಿತಿದ್ದ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಕಳುಹಿಸಿದೆ: “ಪಡೆದ ಜಾಗವನ್ನು ಕರೆದವರೇ ತೆರವು ಮಾಡಿಸತಕ್ಕದ್ದು.” ಕರೆದವರೆಂದರೆ ತಮ್ಮನ್ನು ಕರೆದ ನನ್ನ ಪ್ರೋಗ್ರಾಂ. ಡಾಕ್ಟರು ಅದನ್ನು ಹಾಗೆಯೇ, ಗುಂಡಿ ಒತ್ತಿ ರೋಗಿಗಳನ್ನು ಕರೆಯುವ ಶಶಿಕಲಾ ಅವರಿಗೆ ಕಳುಹಿಸಿದರು. ಆಜ್ಞೆ ಪಾಲಿಸುವುದರಲ್ಲಿ ತಮಗಿಂತ ಒಂದು ಕೈ ಮೇಲಾದ ಅವರು ಬೆಂಚಿನ ಮುಂದೆ ನಿಂತು, “ಏಳ್ರಿ ಏಳ್ರಿ, ಜಾಗಾ ಖಾಲಿ ಮಾಡ್ರಿ, ಮಷೀನಿಗಿ ಉಸುರು ಸಿಗವಲ್ದು” ಎಂದು ಎಲ್ಲರನ್ನೂ ಎಬ್ಬಿಸಿದರು.

ಔರಾದದಿಂದ ಒಬ್ಬರೇ ಬಂದಿದ್ದ ಹಾಜಿರಾಬೀ ಮಬ್ಬುಗಣ್ಣಿನಲ್ಲಿ ಗೋಡೆ ಹಿಡಿದು ನಿಂತು, “ನಾ ಎದ್ದರ ಅದಕ್ಕ ಹ್ಯಾಂಗ ಆರಾಮ ಆಗ್ತದವ್ವಾ? ಅದರ ಕಣ್ಣಾಗೂ ಔಷಧ ಹಾಕೀರೇನು? ನನ್ನ ಬಸ್ ಹೋಗ್ತದ, ಮೊದ್ಲು ನನ್ನ ಹೆಸ್ರು ಕರೀರಿ” ಎಂದರಂತೆ. ಬೆಂಚು ಖಾಲಿಯಾಯಿತು, ಮೆಮೊರಿ ಆಗಲಿಲ್ಲ. ಔರಾದದ ಕೊನೆಯ ಬಸ್ಸು ಅವರನ್ನು ಬಿಟ್ಟು ಹೊರಟಿತು. ಸೋಮವಾರ ಅವರು ಮತ್ತೆ ಬರಬೇಕು. ಅಂದಾದರೂ ಅವರು ಹೊತ್ತಿಗೆ ಮನೆ ಸೇರಬೇಕು.

ಆದ್ದರಿಂದ ಪ್ರಾರ್ಥನೆ: ಯಾರನ್ನೂ ಮರೆಯದ ತಮ್ಮ ಗುಣವನ್ನು, ಅರ್ಜಿ ಕೊಟ್ಟವರನ್ನು ಬಾಗಿಲು ದಾಟುವಷ್ಟರಲ್ಲೇ ಮರೆಯುವ ಕಚೇರಿಗಳಿಗೆ ಕೊಂಚ ಕಡ ಕೊಡಿ. ಸಾಧ್ಯವಿಲ್ಲದಿದ್ದರೆ, ತಮ್ಮ ಮೆಮೊರಿಯಲ್ಲಿ ಕಾಯ್ದಿರಿಸಿದ ಆ ಜಾಗಕ್ಕೆ ಬಂದು ಕುಳಿತುಹೋಗಲು ಧೊಂಡಿಬಾ ಅವರಿಗೆ ಒಂದು ಪಾಸು ದಯಪಾಲಿಸಿ. ನನ್ನ ಪಾಲಿನದಾಗಿ, ಜಾಗ ಬಿಡಿಸುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದ್ದೇನೆ.

ತಮ್ಮನ್ನು ಕರೆದು, ಬೆಂಚು ಖಾಲಿ ಮಾಡಿಸಿದ
ತಮ್ಮ ವಿಶ್ವಾಸಿ,
ಸುಮಿತ

ತಾ.ಕ.: ಪತ್ರ ಕಳುಹಿಸುವ ಮುನ್ನವೇ ಸೋಮವಾರ ಬಂತು. ಜಾಗ ಬಿಡಿಸುವ ಆ ಸಾಲನ್ನು, ಹೆಸರು ಕೂಗಿದ ಮೇಲೆ ಇಡುವ ಬದಲು, ಕೂಗುವುದಕ್ಕಿಂತ ಮೊದಲೇ ಇಟ್ಟಿದ್ದೆ. ಹಾಗೆ ಬಿಟ್ಟ ಜಾಗದಲ್ಲಿ ಸರದಿಯ ಮುಂದಿನ ಹೆಸರು ಬಂದು ಕೂರುತ್ತದೆಂದು ತಾವಾಗಲಿ ತಮ್ಮ ಕೈಪಿಡಿಯಾಗಲಿ ಉಸಿರೆತ್ತಲಿಲ್ಲ. ಹಾಜಿರಾಬೀ ಸರದಿಗೆ ಯಂತ್ರವು, ಹೊಸ ಚಷ್ಮಾ ಒಯ್ಯಲು ಬಂದು ಅವರ ಹಿಂದೆ ಕುಳಿತಿದ್ದ ಧೊಂಡಿಬಾ ಅವರನ್ನು ಗಂಭೀರವಾಗಿ ಕರೆಯಿತು. ಶಶಿಕಲಾ ಗುಂಡಿ ಬಿಟ್ಟು ಎದ್ದು, “ಕಾಕಾ, ನೀವು ಕೂಡ್ರಿ! ಔರಾದದ ಹಾಜಿರಾಬೀ ಅಮ್ಮಾ, ಲಗೂ ಬರ್ರಿ!” ಎಂದು ಬಾಯಿತುಂಬ ಕೂಗಿದರು. ಬಸ್ಸು ಸಿಕ್ಕಿತು. ಕೂಗಿದ ಮೇಲೆ ಆ ಹೆಸರು ಶಶಿಕಲಾ ಅವರ ಬಾಯಲ್ಲಿ ಎಳ್ಳಷ್ಟೂ ಜಾಗ ಹಿಡಿದುಕೊಂಡಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.